ಮಾಡಿದವರು, ಮಾಡಿಸಿದವರು, ಹೆಸರಾದವರು

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ, ಗೊಮ್ಮಟನ ಪಾದಗಳ ಎರಡೂ ಮಗ್ಗುಲಲ್ಲಿ, ಹುತ್ತದ ಆಕಾರದಲ್ಲಿ ಕಡೆದ ಕಲ್ಲಿನ ಮೇಲೆ ಪುಟ್ಟ ಪುಟ್ಟ ಸಾಲುಗಳಿವೆ. ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು, ಮರಾಠಿಯಲ್ಲಿ ಒಂದು. ಮೂರೂ ಹೇಳುವುದು ಒಂದೇ ಮಾತು: ಇದನ್ನು ಮಾಡಿಸಿದವನು ಚಾವುಂಡರಾಯ. ಕನ್ನಡದ ಸಾಲಿನ ಕ್ರಿಯಾಪದ ‘ಮಾಡಿಸಿದಂ’, ತಮಿಳಿನದು ‘ಚೆಯ್ವಿತ್ತಾನ್’, ಮರಾಠಿಯದು ‘ಕರವಿಯಲೇಂ’. ಭಾಷೆ ಮೂರಾದರೂ ಕ್ರಿಯಾಪದದ ಗುಣ ಒಂದೇ. ಮೂರರಲ್ಲೂ ‘ಮಾಡಿದ’ ಎಂದಿಲ್ಲ, ‘ಮಾಡಿಸಿದ’ ಎಂದಿದೆ. 10ನೇ ಶತಮಾನದ ಕೊನೆಯಲ್ಲಿ ಆ ಬೆಟ್ಟದ ತುದಿಯ ಬಂಡೆಯನ್ನು ಮೂರ್ತಿಯಾಗಿಸಿದ ಕೈಗಳು ಯಾರವು ಎಂಬುದನ್ನು ಆ ಸಾಲುಗಳು ಹೇಳುವುದಿಲ್ಲ. ಅರಿಷ್ಟನೇಮಿ ಎಂಬ ಹೆಸರು ಜನರ ಬಾಯಲ್ಲಿದೆ, ಪಾದದ ಬಳಿಯ ಕಲ್ಲಿನ ಮೇಲಿಲ್ಲ. ಹಾಗೆಂದು ಶಾಸನ ಸುಳ್ಳು ಹೇಳಿತು ಎನ್ನಲಾಗದು. ಅದು ತಾನು ಹೇಳಬೇಕಾದ್ದನ್ನು ತೂಕ ಮಾಡಿ ಹೇಳಿದೆ. ಅದರಲ್ಲಿರುವ ‘ಇಸು’ ಎಂಬ ಒಂದು ಪ್ರತ್ಯಯವನ್ನು ಗಮನಿಸದೆ ಓದುವವರು ನಾವು. ಗೊಮ್ಮಟನನ್ನು ಕೆತ್ತಿದವರು ಯಾರು ಎಂದು ಕೇಳಿದರೆ ಚಾವುಂಡರಾಯ ಎಂದು ಉತ್ತರ ಬರೆಯುವ ಮಕ್ಕಳಿದ್ದರೆ ತಪ್ಪು ಮಕ್ಕಳದಲ್ಲ, ಆ ಪ್ರತ್ಯಯವನ್ನು ಅವರಿಗೆ ತೋರಿಸಿಕೊಡದ ಹಿರಿಯರದು.

ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ ಮಾತು ಬೇರೆಯಾಗುತ್ತದೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಕಟ್ಟಿಸಿದವನು ಹೊಯ್ಸಳ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ. ಕಟ್ಟಿಸಿದವನ ಹೆಸರು ಉಳಿದಿದೆ, ಅದರ ಜೊತೆಗೆ ಕೆತ್ತಿದವರ ಹೆಸರೂ ಉಳಿದಿದೆ. ಹೊರಗೋಡೆಯ ದಕ್ಷಿಣ ಭಾಗದ ವಿಗ್ರಹಗಳ ಕೆಳಗೆ ಬೈಚೋಜನ ಹೆಸರು, ಉತ್ತರ ಭಾಗದವುಗಳ ಕೆಳಗೆ ಮಲ್ಲಿತಮ್ಮನ ಹೆಸರು. ಬೈಚೋಜ ನಂದಿಯವನು, ಮತ್ತು ಬರಿಯ ಹೆಸರಿಗೆ ತೃಪ್ತನಾದವನಲ್ಲ. ಎದುರಾಳಿ ರೂವಾರಿಗಳೆಂಬ ಬೆಟ್ಟಗಳಿಗೆ ತಾನು ಸಿಡಿಲು ಎಂಬ ಅರ್ಥದ ಬಿರುದು ಅವನದು. ಮಲ್ಲಿತಮ್ಮ ಅಷ್ಟು ಮಾತಿನವನಲ್ಲ. ಸೋಮನಾಥಪುರದಲ್ಲಿ ನಲವತ್ತರಷ್ಟು ವಿಗ್ರಹಗಳ ಕೆಳಗೆ ಅವನ ಸಹಿ ಇದೆ, ಕೆಲವೆಡೆ ‘ಮಲ್ಲಿ’ ಎಂದಷ್ಟೇ, ಕೆಲವೆಡೆ ಒಂಟಿ ‘ಮ’. ಉಳಿಯ ತುದಿಯಿಂದ ಕೊರೆದ ಆ ಒಂದು ಅಕ್ಷರ, ಒಬ್ಬ ಮನುಷ್ಯ ಇಲ್ಲಿ ಕುಳಿತು ಕೆಲಸ ಮಾಡಿ ಎದ್ದುಹೋದ ಎಂಬುದಕ್ಕೆ ಉಳಿದ ಸಾಕ್ಷಿ. ಗೊಮ್ಮಟನಿಂದ ನುಗ್ಗೇಹಳ್ಳಿಗೆ ಕಾಲದಲ್ಲಿ ಸುಮಾರು ಇನ್ನೂರ ಅರವತ್ತು ವರ್ಷಗಳ ದೂರ. ದಾರಿಯಲ್ಲಿ ಒಂದು ತಾಲ್ಲೂಕನ್ನೂ ದಾಟಬೇಕಾಗಿಲ್ಲ.

ಇನ್ನೊಂದು ಹೆಸರಿದೆ. ಈ ಸೀಮೆಯಲ್ಲಿ ಯಾವ ಹಳೆಯ ಗುಡಿಯ ಮುಂದೆ ನಿಂತು ಇದನ್ನು ಕೆತ್ತಿದವರು ಯಾರು ಎಂದು ಕೇಳಿದರೂ ಮೊದಲು ಬರುವ ಉತ್ತರ ಜಕಣಾಚಾರಿ. ಬೇಲೂರು ಅವನದು, ಹಳೇಬೀಡು ಅವನದು, ನೂರಾರು ವರ್ಷಗಳ ಅಂತರದಲ್ಲಿ ಎದ್ದ ಚಾಲುಕ್ಯರ ಗುಡಿಗಳೂ ಅವನವೇ. ಆದರೆ 1117ರ ಬೇಲೂರಿನಲ್ಲಿ ಮದನಿಕೆಯರ ಕೆಳಗೆ ಸಿಗುವ ಹೆಸರುಗಳು ಬಳ್ಳಿಗಾವೆಯ ದಾಸೋಜನದು, ಅವನ ಮಗ ಚಾವಣನದು, ಇನ್ನೂ ಹಲವರದು. ಹೊಯ್ಸಳ ರೂವಾರಿಗಳ ಸಹಿಗಳಲ್ಲಿ ಜಕಣಾಚಾರಿ ಸಿಗುವುದಿಲ್ಲ. ‘ದಕ್ಷಿಣಾಚಾರ್ಯ’ ಎಂಬ ಒಂದು ಪರಂಪರೆಯ ಹೆಸರೇ ಜನರ ನಾಲಗೆಯಲ್ಲಿ ಒಬ್ಬ ಮನುಷ್ಯನಾಗಿರಬಹುದು ಎಂಬ ಊಹೆಯೂ ಇದೆ. ಹೀಗೆ ಒಂದೇ ಜಿಲ್ಲೆಯೊಳಗೆ ಮೂರು ಬಗೆಯ ಕರ್ತೃತ್ವ ಸಿಕ್ಕಿತು: ಮಾಡಿಸಿದವರದು, ಮಾಡಿದವರದು, ಯಾರ ಹೆಸರಿನಲ್ಲಿ ಜನ ನೆನೆಯುತ್ತಾರೋ ಅವರದು. ‘ಇದು ಯಾರದು?’ ಎಂಬ ಪ್ರಶ್ನೆ ಒಂದೇ ಪ್ರಶ್ನೆಯಂತೆ ಕೇಳಿಸುತ್ತದೆ. ಹಳೆಯ ಜಗತ್ತಿನಲ್ಲಿ ಅದು ಮೂರು ಪ್ರಶ್ನೆಗಳ ಗಂಟು. ಆ ಗಂಟನ್ನು ಬಿಚ್ಚದೆ ಹಳೆಯ ಗ್ರಂಥವನ್ನಾಗಲಿ ಹಳೆಯ ಕಲ್ಲನ್ನಾಗಲಿ ಓದಲು ಹೊರಟರೆ ಒಬ್ಬರಿಗೆ ಸಲ್ಲಬೇಕಾದ ಗೌರವ ಇನ್ನೊಬ್ಬರಿಗೆ ಹೋಗುತ್ತದೆ. ಬಿಚ್ಚಿದರೆ ಮೂವರಿಗೂ ಅವರವರ ಪಾಲು ಸಿಗುತ್ತದೆ.

ಕನ್ನಡ ಸಾಹಿತ್ಯದ ಹೊಸ್ತಿಲಲ್ಲೇ ಈ ಗಂಟು ಇದೆ. ನಮಗೆ ದೊರೆತಿರುವ ಮೊದಲ ಕನ್ನಡ ಕೃತಿ, 9ನೇ ಶತಮಾನದ ಕವಿರಾಜಮಾರ್ಗ. ಕೆ.ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚಿಗೆ ತಂದಾಗ ರಾಷ್ಟ್ರಕೂಟ ದೊರೆ ನೃಪತುಂಗನೇ ಅದರ ಕರ್ತೃ ಎಂದು ತಿಳಿಯಲಾಯಿತು. ಗ್ರಂಥ ತನ್ನನ್ನು ಕರೆದುಕೊಂಡಿರುವುದು ನೃಪತುಂಗನಿಗೆ ‘ಅನುಮತ’ವಾದದ್ದು ಎಂದು, ಅಂದರೆ ಅವನು ಒಪ್ಪಿದ್ದು ಎಂದು. ಒಪ್ಪಿದವನು ಬರೆದವನೇ ಆಗಬೇಕಿಲ್ಲ. ಒಳಗಿನ ಆಧಾರಗಳನ್ನು ಒಂದೊಂದಾಗಿ ತೂಗಿದ ವಿದ್ವಾಂಸರು ಶ್ರೀವಿಜಯನ ಕಡೆಗೆ ವಾಲಿದರು, ಎಂ.ವಿ. ಸೀತಾರಾಮಯ್ಯನವರ ಆವೃತ್ತಿ ಶ್ರೀವಿಜಯನನ್ನೇ ಕರ್ತೃ ಎಂದು ಹೆಸರಿಸಿತು. ದೊರೆಯ ಹೆಸರನ್ನು ಕಿತ್ತುಹಾಕುವ ಹಟ ಅದರಲ್ಲಿರಲಿಲ್ಲ. ದೊರೆಯ ಒಪ್ಪಿಗೆಯನ್ನು ಒಪ್ಪಿಗೆ ಎಂದೇ ಓದಿ, ಕವಿಯ ಕೈಯನ್ನು ಕವಿಗೆ ಕೊಡುವ ಕೆಲಸ ಅದು. ಗದುಗಿನ ನಾರಣಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು. ಕವಿ ವೀರನಾರಾಯಣ, ತಾನು ಬರೆದುಕೊಳ್ಳುವವನು ಮಾತ್ರ ಎಂದ, ತನ್ನನ್ನು ವ್ಯಾಸನ ಮಗನೆಂದು ಕರೆದುಕೊಂಡ. ಅವನ ಲೆಕ್ಕದಲ್ಲಿ ನುಡಿಸಿದವನು ದೇವರು, ತಂದೆ ವ್ಯಾಸ, ಕೈ ಮಾತ್ರ ತನ್ನದು. ವಚನಕಾರರ ಅಂಕಿತವಂತೂ ಬರೆದವರ ಹೆಸರೇ ಅಲ್ಲ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಇವು ಯಾರನ್ನು ಕುರಿತು ಮಾತಾಡಿದರೋ ಆ ದೈವದ ಹೆಸರುಗಳು. ಬಸವಣ್ಣ, ಅಲ್ಲಮ, ಅಕ್ಕ ಎಂದು ನಾವು ಗುರುತು ಹಿಡಿಯುವುದು ದೈವದ ಹೆಸರಿನ ಮೂಲಕ. ಅಂಕಿತ ಉಳಿದು ಆಡಿದವರ ಹೆಸರು ಅಳಿದುಹೋದ ವಚನಗಳು ಸಂಪುಟಗಳಲ್ಲಿ ಬೇಕಾದಷ್ಟಿವೆ.

ಇದು ನಮ್ಮ ನಾಡಿನ ವಿಶೇಷ ಎಂದು ಬೀಗುವ ಮೊದಲು ಪಶ್ಚಿಮ ಏಷ್ಯಾದ ಕಡೆಗೊಮ್ಮೆ ನೋಡಬೇಕು. ಯೆಹೂದ್ಯರ ತೋರಾದ ಐದು ಪುಸ್ತಕಗಳು ಮೋಶೆಯವು ಎಂಬುದು ಸಾವಿರಾರು ವರ್ಷಗಳ ನಂಬಿಕೆ. ಆದರೆ ಐದನೆಯದರ ಕೊನೆಯಲ್ಲಿ ಮೋಶೆ ಸತ್ತ ಸಂಗತಿಯೇ ಬರುತ್ತದೆ. ತನ್ನ ಸಾವನ್ನು ತಾನೇ ಹೇಗೆ ಬರೆದಾನು ಎಂಬ ಪ್ರಶ್ನೆಯನ್ನು ಎತ್ತಿದವರು ನಾಸ್ತಿಕರಲ್ಲ, ತಾಲ್ಮೂದಿನ ಗುರುಗಳೇ. ಕೊನೆಯ ಎಂಟು ವಾಕ್ಯಗಳನ್ನು ಯೆಹೋಶುವ ಬರೆದನೆಂದು ಒಬ್ಬರು, ದೇವರು ಹೇಳುತ್ತಾ ಹೋದಂತೆ ಮೋಶೆಯೇ ಕಣ್ಣೀರಿಡುತ್ತಾ ಬರೆದನೆಂದು ಇನ್ನೊಬ್ಬರು. ಎರಡು ಅಭಿಪ್ರಾಯಗಳೂ ಅಕ್ಕಪಕ್ಕದಲ್ಲಿ ಉಳಿದಿವೆ. ಕೀರ್ತನೆಗಳ ತಲೆಯಲ್ಲಿರುವ ‘ಲೆದಾವಿದ್’ ಎಂಬ ಹೀಬ್ರೂ ಮಾತಿಗೆ ದಾವೀದನದು, ದಾವೀದನಿಗೆ, ದಾವೀದನನ್ನು ಕುರಿತದ್ದು ಎಂದು ಮೂರು ರೀತಿಯಲ್ಲೂ ಅರ್ಥ ಮಾಡಬಹುದು. ನಮ್ಮ ವಿಭಕ್ತಿಗಳಲ್ಲಿ ಬೇರೆ ಬೇರೆಯಾಗಿ ನಿಲ್ಲುವ ಸಂಬಂಧಗಳು ಅಲ್ಲಿ ಒಂದೇ ಅಕ್ಷರದಲ್ಲಿ ಕೂಡಿಕೊಂಡಿವೆ. ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ದೊರೆತ ಒಂದು ಸುರುಳಿ ದಾವೀದ 4,050 ಹಾಡುಗಳನ್ನು ರಚಿಸಿದನೆನ್ನುತ್ತದೆ. ಪುರಂದರದಾಸರದು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಕೃತಿಗಳು ಎಂಬ ನಂಬಿಕೆಯಲ್ಲಿ ಬೆಳೆದ ಕನ್ನಡಿಗರಿಗೆ ಈ ಲೆಕ್ಕದ ಒಳಗುಟ್ಟು ತಟ್ಟನೆ ಅರ್ಥವಾಗಬೇಕು. ಅದು ಎಣಿಸಿ ಹೇಳಿದ ಸಂಖ್ಯೆಯಲ್ಲ, ಕೈಮುಗಿದು ಹೇಳಿದ ಸಂಖ್ಯೆ. ಜ್ಞಾನೋಕ್ತಿಗಳು ಸೊಲೊಮೋನನ ಹೆಸರಿನಲ್ಲಿವೆ, ಆದರೆ ಒಂದು ಭಾಗವನ್ನು ಹಿಜ್ಕೀಯ ರಾಜನ ಜನರು ನಕಲು ಮಾಡಿದರೆಂದು ಆ ಪುಸ್ತಕವೇ ತಿಳಿಸುತ್ತದೆ, ಕೊನೆಗೆ ಆಗೂರ, ಲೆಮುವೇಲ ಎಂಬ ಬೇರೆ ಹೆಸರುಗಳೂ ಬರುತ್ತವೆ. ಈ ಪರಂಪರೆಯಲ್ಲಿ ತನ್ನ ಪುಸ್ತಕಕ್ಕೆ ತನ್ನದೇ ಹೆಸರು, ತಂದೆಯ ಹೆಸರು, ಊರಿನ ಹೆಸರು ಹಾಕಿದವನು ಕ್ರಿ.ಪೂ. 2ನೇ ಶತಮಾನದ ಆರಂಭದ ಬೆನ್ ಸಿರಾ, ಜೆರುಸಲೇಮಿನವನು. ಅವನ ಮೊಮ್ಮಗ ಈಜಿಪ್ಟಿನಲ್ಲಿ ಕುಳಿತು ಅಜ್ಜನ ಪುಸ್ತಕವನ್ನು ಗ್ರೀಕಿಗೆ ತಂದ. ಗ್ರೀಕರ ನಡುವೆ ಬದುಕುತ್ತಿದ್ದ ಆ ಕಾಲದಲ್ಲಿ ಪುಸ್ತಕಕ್ಕೆ ಒಬ್ಬ ಮನುಷ್ಯನ ಹೆಸರಿರಬೇಕೆಂಬ ರೂಢಿ ಯೆಹೂದ್ಯರಲ್ಲೂ ಬೇರೂರತೊಡಗಿತ್ತು.

ಗ್ರೀಕರಲ್ಲಿ ಆ ರೂಢಿ ಬಹಳ ಹಿಂದೆಯೇ ಮೊಳೆತಿತ್ತು. ಹೋಮರನೆಂಬ ಹೆಸರಿನಲ್ಲಿರುವ ಮಹಾಕಾವ್ಯಗಳು ತಮ್ಮ ಕವಿಯ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ. ಹೆಸಿಯಡ್ ಹೇಳುತ್ತಾನೆ, ಆದರೆ ಹಾಡು ಕಲಿಸಿದವರು ಹೆಲಿಕಾನ್ ಬೆಟ್ಟದ ವಾಗ್ದೇವಿಯರು ಎಂದು ಸೇರಿಸುತ್ತಾನೆ. ನಮ್ಮ ನಾರಣಪ್ಪನ ವಿನಯಕ್ಕೂ ಇದಕ್ಕೂ ಸಮೀಪದ ನೆಂಟಸ್ತಿಕೆಯಿದೆ. ಥಿಯಾಗ್ನಿಸ್ ಎಂಬ ಕವಿ ತನ್ನ ಪದ್ಯಗಳನ್ನು ಯಾರೂ ಕದಿಯದಂತೆ ಮುದ್ರೆ ಒತ್ತಿದ್ದೇನೆ ಎಂದು ಸಾರಿದ. ಕೊನೆಗೆ ಆದದ್ದೇನೆಂದರೆ, ಅವನ ಹೆಸರಿನ ಸಂಗ್ರಹದೊಳಗೆ ಬೇರೆ ಕವಿಗಳ ಪದ್ಯಗಳೇ ಬಂದು ಕುಳಿತವು. ಮುದ್ರೆಯ ಹೆಸರು ದೊಡ್ಡದಾದಷ್ಟೂ ಅದರ ನೆರಳಿಗೆ ಬರುವವರು ಹೆಚ್ಚು. ಇಂತಹದೇ ಸಂಗತಿ ಅವರ ಮಣ್ಣಿನ ಪಾತ್ರೆಗಳಲ್ಲಿದೆ. ಕ್ರಿ.ಪೂ. 6ನೇ ಶತಮಾನದ ಅಥೆನ್ಸಿನ ಕುಂಬಾರರೂ ಚಿತ್ರಗಾರರೂ ಹೂಜಿಗಳ ಮೇಲೆ ಎರಡು ಬೇರೆ ಕ್ರಿಯಾಪದಗಳನ್ನು ಬರೆದರು: ಒಂದು ‘ಬರೆದ’, ಅಂದರೆ ಚಿತ್ರಿಸಿದ, ಇನ್ನೊಂದು ‘ಮಾಡಿದ’. ಎಕ್ಸೆಕಿಯಾಸ್ ಎಂಬವನು ಎರಡನ್ನೂ ತಾನೇ ಹೇಳಿಕೊಂಡವನು. ಆ ‘ಮಾಡಿದ’ ಎಂಬುದು ತಿಗರಿ ತಿರುಗಿಸಿದವನನ್ನು ಹೇಳುತ್ತದೋ ಕಾರ್ಖಾನೆಯ ಯಜಮಾನನನ್ನು ಹೇಳುತ್ತದೋ ಎಂಬ ಚರ್ಚೆ ಇಂದಿಗೂ ಇದೆ. ‘ಇಸು’ ಪ್ರತ್ಯಯ ಆ ಸಹಿಯಲ್ಲಿ ಇಲ್ಲದ್ದರಿಂದ ಬಂದ ತೊಡಕು ಅದು. ಯೂಥಿಮಿಡಿಸ್ ಎಂಬ ಚಿತ್ರಗಾರ ತನ್ನ ಹೂಜಿಯ ಮೇಲೆ, ಯೂಫ್ರೋನಿಯಾಸನಿಂದ ಎಂದೂ ಹೀಗೆ ಸಾಧ್ಯವಾಗದು ಎಂಬರ್ಥದ ಮಾತು ಬರೆದ. ನಂದಿಯ ಬೈಚೋಜ ಅದನ್ನು ಓದಿದ್ದರೆ ಒಬ್ಬ ಕಸುಬುದಾರನ ಹೆಮ್ಮೆಯನ್ನು ತಕ್ಷಣ ಗುರುತಿಸುತ್ತಿದ್ದ.

ಕ್ರೈಸ್ತರ ಮೊದಲ ಇನ್ನೂರು ವರ್ಷಗಳಲ್ಲಿ ಈ ಎರಡು ದಾರಿಗಳೂ ಬಂದು ಸೇರಿದವು. ನಾಲ್ಕು ಸುವಾರ್ತೆಗಳ ಒಳಗೆ ಬರೆದವರು ತಮ್ಮ ಹೆಸರು ಹೇಳಿಕೊಂಡಿಲ್ಲ. ಮತ್ತಾಯನ ಪ್ರಕಾರ, ಮಾರ್ಕನ ಪ್ರಕಾರ ಎಂಬ ತಲೆಬರಹಗಳಲ್ಲಿರುವುದು ‘ಪ್ರಕಾರ’ ಎಂಬ ಮಾತು, ಒಂದೇ ಸುವಾರ್ತೆಯನ್ನು ಇವರು ಹೀಗೆ ಹೇಳಿದರು ಎಂಬ ಧಾಟಿ. ಸುಮಾರು 180ರ ಹೊತ್ತಿಗೆ ಐರೆನೇಯಸ್ ಎಂಬ ಬಿಷಪ್ ನಾಲ್ವರನ್ನೂ ಹೆಸರಿಸಿ, ನಾಲ್ಕಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ವಾದಿಸಿದ. ಪೌಲನ ಪತ್ರಗಳ ಕತೆ ಬೇರೆ. ಅಲ್ಲಿ ಹೆಸರು ಮೊದಲ ಪದದಲ್ಲೇ ಇದೆ. ಆದರೂ ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ತೆರ್ತ್ಯ ಎಂಬವನು, ಇದನ್ನು ಬರೆದುಕೊಂಡವನು ತಾನು ಎಂದು ಹೇಳಿ ತನ್ನದೂ ಒಂದು ನಮಸ್ಕಾರ ಸೇರಿಸುತ್ತಾನೆ. ಅಷ್ಟು ದೊಡ್ಡ ಪತ್ರದಲ್ಲಿ ಲಿಪಿಕಾರನಿಗೆ ಸಿಕ್ಕ ಜಾಗ ಅಷ್ಟೇ, ಮಲ್ಲಿತಮ್ಮನ ಒಂಟಿ ಅಕ್ಷರದ ಹಾಗೆ. ಗಲಾತ್ಯದವರಿಗೆ ಬರೆದ ಪತ್ರದ ಕೊನೆಗೆ ಪೌಲ ಲೇಖನಿಯನ್ನು ತಾನೇ ತೆಗೆದುಕೊಂಡು, ನೋಡಿ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ ಎಂಬರ್ಥದಲ್ಲಿ ಗಮನ ಸೆಳೆಯುತ್ತಾನೆ. ನುಡಿದದ್ದು ಒಬ್ಬರು, ಬರೆದುಕೊಂಡದ್ದು ಇನ್ನೊಬ್ಬರು, ಕೊನೆಗೆ ಕೈಗುರುತು ಬೇರೆ. ಇಬ್ರಿಯರಿಗೆ ಬರೆದ ಪತ್ರದ ಬಗ್ಗೆ 3ನೇ ಶತಮಾನದ ವಿದ್ವಾಂಸ ಆರಿಜೆನ್ ಕೊಟ್ಟ ತೀರ್ಪು ಇಂದಿಗೂ ಮಾದರಿ. ವಿಚಾರ ಅಪೊಸ್ತಲನದು, ಮಾತಿನ ಶೈಲಿ ಅವನ ಮಾತನ್ನು ನೆನಪಿಟ್ಟುಕೊಂಡ ಬೇರೊಬ್ಬರದು, ಬರೆದವರು ಯಾರೆಂದು ದೇವರಿಗೇ ಗೊತ್ತು ಎಂದ. ಗಂಟನ್ನು ಬಿಚ್ಚಿ ಎಳೆಗಳನ್ನು ಬೇರೆ ಬೇರೆಯಾಗಿ ಇಟ್ಟ ಕೆಲಸ ಅದು.

ಹಾಗಾದರೆ ಹೆಸರಿಗೆ ಬೆಲೆ ಬಂದದ್ದು ಯಾವಾಗ? ಹೇಳುವವನ ಮುಖ ಕೇಳುವವರಿಗೆ ಕಾಣುತ್ತಿದ್ದಷ್ಟು ಕಾಲ ಹೆಸರು ಬರೆದಿಡುವ ಅಗತ್ಯವಿರಲಿಲ್ಲ. ಹಟ್ಟಿಯ ಜಗಲಿಯಲ್ಲಿ ಹಾಡುವ ಮುದುಕಿಯ ಪದಕ್ಕೆ ಸಹಿ ಯಾಕೆ? ಬರಹ ಊರು ದಾಟಿ, ಗುರುತಿಲ್ಲದವರ ಕೈಗೆ ಹೋದಾಗ, ಇದನ್ನು ನಂಬಬಹುದೇ ಎಂಬ ಪ್ರಶ್ನೆ ಹುಟ್ಟುತ್ತದೆ. 2ನೇ ಶತಮಾನದ ವೈದ್ಯ ಗ್ಯಾಲೆನ್ ಇದನ್ನು ಕಣ್ಣಾರೆ ಕಂಡವನು. ರೋಮಿನ ಪುಸ್ತಕದಂಗಡಿಗಳ ಬೀದಿಯಲ್ಲಿ ಅವನ ಹೆಸರು ಹಾಕಿದ ಒಂದು ಪುಸ್ತಕ ಮಾರಾಟಕ್ಕಿತ್ತು. ಓದುಬರಹ ಬಲ್ಲ ಒಬ್ಬನು ಮೊದಲ ಎರಡು ಸಾಲು ಓದುತ್ತಲೇ ಇದು ಗ್ಯಾಲೆನನ ಭಾಷೆಯಲ್ಲ ಎಂದು ಬದಿಗೆ ಸರಿಸಿದನಂತೆ. ಆಮೇಲೆ ಗ್ಯಾಲೆನ್ ತನ್ನ ಪುಸ್ತಕಗಳ ಪಟ್ಟಿಯನ್ನೇ ಒಂದು ಪುಸ್ತಕವಾಗಿ ಬರೆದ. ಔಷಧಿಯ ವಿಷಯದಲ್ಲಿ ಸುಳ್ಳು ಹೆಸರು ಜೀವಕ್ಕೇ ಅಪಾಯ. ಧರ್ಮದೊಳಗೆ ಪಂಗಡಗಳು ಹೊಡೆದಾಡತೊಡಗಿದಾಗಲೂ ಹೀಗೇ. ಯಾವ ಬೋಧೆ ಗುರುವಿನದು, ಯಾವುದು ಗುರುವಿನ ಹೆಸರಿನಲ್ಲಿ ಬೆಳೆಸಿದ್ದು ಎಂದು ತೀರ್ಮಾನಿಸಲು ಹೆಸರಿಗೆ ಕಾವಲು ಬೇಕಾಯಿತು. ಇದು ನಮಗೂ ದೂರದ ಮಾತಲ್ಲ. ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಅಚ್ಚು ಹಾಕಿದ ಪುಸ್ತಕವನ್ನು ರಾಜ್ಯ ಸರ್ಕಾರ 1998ರಲ್ಲಿ ನಿಷೇಧಿಸಿತು. ಆ ನಿಷೇಧವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎಂಟುನೂರು ವರ್ಷ ದಾಟಿದ ಒಂದು ಪದದ ಸಲುವಾಗಿ ದೇಶದ ಅತ್ಯುನ್ನತ ನ್ಯಾಯಾಲಯ ಕೂರಬೇಕಾಯಿತು. ಅಂಕಿತವೆಂದರೆ ಕೇವಲ ಅಲಂಕಾರವಲ್ಲ, ನಂಬಿಕೆಯ ಬೀಗ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಇನ್ನೊಬ್ಬರ ಹೆಸರಿನಲ್ಲಿ ಬರೆಯುವುದು ಅಂದಿನ ರೂಢಿ ಎಂದು ಒಪ್ಪಿಕೊಂಡರೆ ಮೋಸಕ್ಕೆಲ್ಲ ಪರವಾನಗಿ ಕೊಟ್ಟಂತಾಗುವುದಿಲ್ಲವೇ? ಆಗುವುದಿಲ್ಲ, ಏಕೆಂದರೆ ಹಳಬರಿಗೂ ವ್ಯತ್ಯಾಸ ಗೊತ್ತಿತ್ತು. ಸುಮಾರು 200ರಲ್ಲಿ ಬರೆದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಎರಡು ಮಾತು ಹೇಳಿದ್ದಾನೆ. ಶಿಷ್ಯರು ಪ್ರಕಟಿಸಿದ್ದನ್ನು ಗುರುವಿನದೆಂದು ಎಣಿಸುವುದು ಸರಿ ಎಂಬುದು ಒಂದು. ಏಷ್ಯಾ ಪ್ರಾಂತ್ಯದ ಒಬ್ಬ ಪಾದ್ರಿ ಪೌಲನ ಹೆಸರಿಗೆ ಇನ್ನಷ್ಟು ಕೀರ್ತಿ ಸೇರಿಸಲು ಹೊಸ ಗ್ರಂಥವನ್ನು ತಾನೇ ಕಟ್ಟಿ, ಸಿಕ್ಕಿಬಿದ್ದು, ಪೌಲನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಒಪ್ಪಿಕೊಂಡರೂ ಹುದ್ದೆ ಕಳೆದುಕೊಂಡ ಎಂಬುದು ಇನ್ನೊಂದು. ಎರಡನ್ನೂ ಜೊತೆಗಿಟ್ಟು ಓದಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ಗುರುವಿನಿಂದ ಪಡೆದದ್ದನ್ನು ಗುರುವಿನ ಹೆಸರಿಗೆ ಒಪ್ಪಿಸುವುದು ಋಣ ತೀರಿಸುವ ಕ್ರಮ. ಗುರು ಹೇಳದ್ದನ್ನು ಅವನ ಬಾಯಿಗೆ ತುರುಕುವುದು ಅವನ ಹೆಸರನ್ನು ಬಳಸಿಕೊಳ್ಳುವ ಕ್ರಮ. ಪ್ರೀತಿಯಿಂದ ಮಾಡಿದರೂ ಅದು ಬಳಕೆಯೇ. ಪೌಲನದೆನ್ನುವ ಒಂದು ಪತ್ರವೇ ನಕಲಿ ಪತ್ರಗಳ ಬಗ್ಗೆ ಎಚ್ಚರಿಸುತ್ತದೆ, ಆ ಪತ್ರವೇ ಪೌಲನದು ಹೌದೋ ಅಲ್ಲವೋ ಎಂದು ಇಂದಿನ ಹಲವು ವಿದ್ವಾಂಸರು ಸಂಶಯಿಸುತ್ತಾರೆ. ಗೆರೆ ಸೂಕ್ಷ್ಮವಾದದ್ದು ನಿಜ. ಸೂಕ್ಷ್ಮ ಎಂಬ ಕಾರಣಕ್ಕೆ ಗೆರೆಯೇ ಇಲ್ಲ ಎನ್ನಲಾಗದು.

ಎರಡನೆಯ ಆಕ್ಷೇಪ ನಮ್ಮವರೇ ಹೆಮ್ಮೆಯಿಂದ ಆಡುವಂಥದ್ದು. ಭಾರತದಲ್ಲಿ ಕಲಾವಿದರು ಹೆಸರಿಗೆ ಹಾತೊರೆದವರಲ್ಲ, ಎಲ್ಲವೂ ದೇವರಿಗೆ ಅರ್ಪಿತ, ಹೆಸರು ಹುಡುಕುವುದು ಪಶ್ಚಿಮದ ಚಪಲ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಸಾಕ್ಷಿ ಇದರ ಪರವಾಗಿಲ್ಲ. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪ ತನ್ನ ವಂಶ, ಊರು ಎಲ್ಲವನ್ನೂ ಹೇಳಿಕೊಂಡ. ಎರಡು ಮಹಾಕಾವ್ಯಗಳಲ್ಲಿ ಒಂದಕ್ಕೆ ಆರು ತಿಂಗಳು, ಇನ್ನೊಂದಕ್ಕೆ ಮೂರು ತಿಂಗಳು ಹಿಡಿಯಿತು ಎಂಬುದನ್ನೂ ದಾಖಲಿಸಿದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಹೆಸರು ಕೊರೆದಿದೆ, ಅದನ್ನು ರನ್ನನ ಹಸ್ತಾಕ್ಷರವೆಂದೇ ವಿದ್ವಾಂಸರು ಗುರುತಿಸಿದ್ದಾರೆ. ದೊಡ್ಡಬೆಟ್ಟದಲ್ಲಿ ಆಶ್ರಯದಾತನ ಹೆಸರು, ಎದುರಿನ ಚಿಕ್ಕಬೆಟ್ಟದಲ್ಲಿ ಕವಿಯ ಹೆಸರು, ನಡುವೆ ಕಲ್ಯಾಣಿ. ಹೆಸರಿನ ಆಸೆ ಮನುಷ್ಯರದು, ಒಂದು ಖಂಡದ್ದಲ್ಲ. ಅದನ್ನು ಕೀಳೆಂದು ಹೇಳುವವರು ಬಹುಪಾಲು ತಮ್ಮ ಹೆಸರು ಈಗಾಗಲೇ ಕಲ್ಲಿನಲ್ಲಿ ಮೂಡಿರುವವರು. ಹೆಸರಿಲ್ಲದಿರುವುದು ಕೆಲವರು ಆರಿಸಿಕೊಂಡ ವಿನಯವಾಗಿರಬಹುದು. ಉಳಿದ ಬಹಳ ಮಂದಿಗೆ ಅದು ಯಾರೋ ಹೊರಿಸಿದ ಮೌನ. ಎರಡನ್ನೂ ಒಂದೇ ಎಂದು ಕರೆದರೆ ವಿನಯಕ್ಕೂ ಅನ್ಯಾಯ, ಮೌನಕ್ಕೂ ಅನ್ಯಾಯ.

ಇತಿಹಾಸ ಬಲ್ಲವರು ಮೂರನೆಯ ಆಕ್ಷೇಪ ತರಬಹುದು. ವಿಗ್ರಹದ ಕೆಳಗಿನ ಹೆಸರು ಕಲಾವಿದನ ಹೆಮ್ಮೆಯ ಸಹಿ ಎಂದೇಕೆ ತಿಳಿಯಬೇಕು? ಯಾರು ಎಷ್ಟು ಕೆತ್ತಿದರೆಂದು ಲೆಕ್ಕ ಹಾಕಿ ಕೂಲಿ ಕೊಡಲು ಹಾಕಿದ ಗುರುತಾಗಿರಬಹುದಲ್ಲವೇ? ಒಂಟಿ ‘ಮ’ ನೋಡಿದಾಗ ಈ ಮಾತು ತೂಕದ್ದೆನಿಸುತ್ತದೆ, ಒಪ್ಪಿಕೊಳ್ಳಲು ಅಡ್ಡಿಯೂ ಇಲ್ಲ. ಆದರೆ ಕೂಲಿಯ ಲೆಕ್ಕಕ್ಕೆ ಬಿರುದು ಬೇಕಾಗುವುದಿಲ್ಲ. ಎದುರಾಳಿಗಳಿಗೆ ಸಿಡಿಲು ಎಂದು ಬರೆಯುವವನು ಲೆಕ್ಕಪತ್ರ ಬರೆಯುತ್ತಿಲ್ಲ, ಮುಂದೆ ಬರುವವರಿಗೆ ಮಾತು ಹೇಳುತ್ತಿದ್ದಾನೆ. ತಂದೆ ಮಗ ಇಬ್ಬರೂ ಬಳ್ಳಿಗಾವೆಯ ಹೆಸರನ್ನು ಬೇಲೂರಿಗೆ ತಂದದ್ದು ಊರಿನ ಮಾನಕ್ಕಾಗಿ. ಅಷ್ಟಕ್ಕೂ ಕೂಲಿಯ ಗುರುತೇ ಆಗಿದ್ದರೂ ಅದರ ಬೆಲೆ ಕುಗ್ಗದು. ಕೂಲಿ ಪಡೆದವನು ಕೆಲಸ ಮಾಡಿದವನು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಯಾವುದು? ಕವಿಚರಿತೆಯನ್ನು ಬರೆದ ಆರ್. ನರಸಿಂಹಾಚಾರ್ಯರೇ ಮೈಸೂರು ಪುರಾತತ್ವ ಇಲಾಖೆಯಲ್ಲಿದ್ದಾಗ ಬೇಲೂರು, ಸೋಮನಾಥಪುರದ ಗುಡಿಗಳ ಬಗ್ಗೆ ಪುಸ್ತಕ ಬರೆದು ರೂವಾರಿಗಳ ಹೆಸರುಗಳಿಗೂ ಗಮನ ಕೊಟ್ಟರು. ಓಲೆಗರಿಯ ಕವಿಯೂ ಕಲ್ಲಿನ ರೂವಾರಿಯೂ ಅವರಿಗೆ ಹೆಸರು ಸಲ್ಲಬೇಕಾದ ಜನರೇ. ಮುಂದೆ ಷ. ಶೆಟ್ಟರ್ ಅವರಂಥವರು ಆ ದಾರಿಯನ್ನು ಅಗಲ ಮಾಡಿದರು. ಅವರು ಅಗೆದು ತೆಗೆದ ಹೆಸರುಗಳು ಪಂಡಿತರ ಪುಸ್ತಕ ಬಿಟ್ಟು ಊರಿನವರ ಬಾಯಿಗೆ ಬಂದಿಲ್ಲ ಎಂಬುದೇ ಕೊರಗು.

ಕೊನೆಯ ಆಕ್ಷೇಪ ಹೃದಯದ್ದು. ಜಕಣಾಚಾರಿಯನ್ನು ಕಿತ್ತುಕೊಂಡರೆ ಜನರಿಗೆ ಉಳಿಯುವುದೇನು? ಮೋಶೆ ಬರೆಯಲಿಲ್ಲ, ದಾವೀದ ಹಾಡಲಿಲ್ಲ ಎಂದರೆ ಭಕ್ತರಿಗೆ ಉಳಿಯುವುದೇನು? ಏನನ್ನೂ ಕಿತ್ತುಕೊಳ್ಳಬೇಕಾಗಿಲ್ಲ ಎಂಬುದೇ ಈ ಬರಹದ ಮುಖ್ಯ ಮಾತು. ತಾಲ್ಮೂದಿನ ಗುರುಗಳು ಮೋಶೆಯ ಸಾವಿನ ಪ್ರಶ್ನೆಯನ್ನು ಎತ್ತಿದ ಮೇಲೂ ತೋರಾ ಓದುವುದನ್ನು ನಿಲ್ಲಿಸಲಿಲ್ಲ. ಇಬ್ರಿಯರ ಪತ್ರ ಯಾರದೋ ಗೊತ್ತಿಲ್ಲ ಎಂದ ಆರಿಜೆನ್ ಅದನ್ನು ದೂರ ಇಡಲಿಲ್ಲ. ಶ್ರೀವಿಜಯನಿಗೆ ಅವನ ಕೃತಿ ಸಂದ ಮೇಲೂ ನೃಪತುಂಗನ ಕೀರ್ತಿಗೆ ಕುಂದು ಬಂದಿಲ್ಲ. ಜಕಣಾಚಾರಿ ಎಂಬುದು ಶಿಲ್ಪಿಗಳ ಕುಲಕ್ಕೆಲ್ಲ ಜನ ಕೊಟ್ಟ ಪ್ರೀತಿಯ ಹೆಸರು. ಅವನ ಹೆಸರಿನಲ್ಲಿ ಸರ್ಕಾರ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುವುದೂ ಸರಿಯೇ. ಪ್ರಶ್ನೆ ಇಷ್ಟೇ: ಆ ದೊಡ್ಡ ಹೆಸರಿನ ನೆರಳಿನಲ್ಲಿ ದಾಸೋಜ, ಚಾವಣ, ಬೈಚೋಜ, ಮಲ್ಲಿತಮ್ಮ ಮರೆಯಾಗಬೇಕೇ? ತಮ್ಮ ಹೆಸರನ್ನು ತಾವೇ ಕೊರೆದಿಟ್ಟು ಹೋದವರನ್ನೂ ಹೆಸರಿಲ್ಲದವರು ಎಂದು ಕರೆಯುವುದು ಯಾವ ಭಕ್ತಿಗೂ ಶೋಭೆ ತರುವುದಿಲ್ಲ.

ಇದು ಹಳೆಯ ಕಲ್ಲಿನ ಮಾತಷ್ಟೇ ಆಗಿದ್ದರೆ ಪತ್ರಿಕೆಯಲ್ಲಿ ಜಾಗ ಕೇಳುವ ಹಕ್ಕು ಇರುತ್ತಿರಲಿಲ್ಲ. ಇಂದೂ ನಮ್ಮ ಊರುಗಳಲ್ಲಿ ಸಮುದಾಯ ಭವನ, ಶಾಲೆಯ ಕೊಠಡಿ, ನೀರಿನ ಟ್ಯಾಂಕು ಎದ್ದಾಗ ಗೋಡೆಗೆ ಅಮೃತಶಿಲೆಯ ಫಲಕ ಬರುತ್ತದೆ. ಅದರಲ್ಲಿ ಸಚಿವರು, ಶಾಸಕರು, ಅಧ್ಯಕ್ಷರು, ಕೆಳಗೆ ಸಣ್ಣದಾಗಿ ಎಂಜಿನಿಯರು, ಗುತ್ತಿಗೆದಾರರು. ಚಾವುಂಡರಾಯನ ಕಾಲದ ‘ಮಾಡಿಸಿದಂ’ ಇಂದು ‘ಉದ್ಘಾಟಿಸಿದರು’ ಆಗಿದೆ. ಕಟ್ಟಿದ ಮೇಸ್ತ್ರಿಯ ಹೆಸರಿಗೆ, ಗಾರೆ ಹೊತ್ತ ಹೆಂಗಸರ ಹೆಸರಿಗೆ ಅಲ್ಲಿ ಒಂಟಿ ಅಕ್ಷರದಷ್ಟೂ ಜಾಗವಿಲ್ಲ. ಸಾಹಿತ್ಯದಲ್ಲೂ ಹೀಗೇ. 1931ರಲ್ಲಿ ಬಂದ ‘ಗರತಿಯ ಹಾಡು’ ಹಲಸಂಗಿ ಗೆಳೆಯರ ಹೆಸರನ್ನು ಅಜರಾಮರ ಮಾಡಿತು. ಅವರು ಸಂಗ್ರಹಿಸದಿದ್ದರೆ ಆ ಹಾಡುಗಳು ನಮ್ಮವರೆಗೆ ಬರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ಅವನ್ನು ಹಾಡಿಕೊಟ್ಟ ಹೆಂಗಸರು ‘ಗರತಿ’ ಎಂಬ ಒಂದೇ ಪದದೊಳಗೆ ಸೇರಿಹೋದರು. ಇಂದು ಮೊಬೈಲಿನಲ್ಲಿ ಸೋಬಾನೆ ಪದ ರೆಕಾರ್ಡು ಮಾಡಿಕೊಳ್ಳುವವರಿಗೆ ಹಾಡಿದಾಕೆಯ ಹೆಸರು, ಊರು ಕೇಳಿ ಬರೆದುಕೊಳ್ಳುವುದು ಕಷ್ಟವೇನಲ್ಲ. ಹೆಸರು ಬೇಡ ಎಂದು ಆಕೆ ಹೇಳಿದರೆ ಅದು ಆಕೆಯ ವಿನಯ. ಕೇಳದೇ ಬಿಟ್ಟರೆ ಅದು ನಮ್ಮ ಅಸಡ್ಡೆ.

ಆಗಬೇಕಾದ ಕೆಲಸ ಹೆಚ್ಚೇನೂ ಇಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ. ಆದರೆ ತನ್ನ ರೂವಾರಿಗಳು ಯಾರೆಂದು ಗೋಡೆಯ ಈ ಬದಿ, ಆ ಬದಿ ಎಂದು ಬೊಟ್ಟು ಮಾಡಿ ತೋರಿಸಬಲ್ಲ ಗುಡಿ ಅದು. ಹಾಸನ ಜಿಲ್ಲೆಯ ಹೊಯ್ಸಳ ಗುಡಿಗಳಲ್ಲಿ ಎಲ್ಲೆಲ್ಲಿ ಸಹಿ ಓದಲು ಬರುತ್ತದೋ ಅಲ್ಲಲ್ಲಿ ಆ ವಿಗ್ರಹದ ಎದುರಿಗೆ ಇಂದಿನ ಲಿಪಿಯಲ್ಲಿ ರೂವಾರಿಯ ಹೆಸರು ಬರೆದು ನಿಲ್ಲಿಸಬೇಕು. ಶಾಲೆಯ ಪಾಠದಲ್ಲಿ ದೊರೆಯ ಹೆಸರು, ದಂಡನಾಯಕನ ಹೆಸರು ಬರುವ ವಾಕ್ಯದಲ್ಲೇ ರೂವಾರಿಯ ಹೆಸರೂ ಬರಬೇಕು, ಕಟ್ಟಿಸಿದವರು, ಕಟ್ಟಿದವರು ಎಂದು ಎರಡು ಕ್ರಿಯಾಪದಗಳಲ್ಲಿ. ಹೊಸ ಕಟ್ಟಡದ ಫಲಕದಲ್ಲಿ ಮೇಸ್ತ್ರಿಗೆ ಒಂದು ಸಾಲು ಇರಬೇಕು. ಇದಕ್ಕೆ ಕೋಟಿಗಳ ಅನುದಾನ ಬೇಡ, ‘ಇಸು’ ಪ್ರತ್ಯಯದ ಅರ್ಥ ಗೊತ್ತಿದ್ದರೆ ಸಾಕು.

ಜಕಣಾಚಾರಿಯ ಕತೆ ಈ ನಾಡಿನ ಮಕ್ಕಳಿಗೆಲ್ಲ ಗೊತ್ತು. ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದ, ಗಂಧ ಬಳಿದು ನೋಡಿದಾಗ ಒಂದು ಕಡೆ ಒಣಗಲಿಲ್ಲ, ಅಲ್ಲಿ ಉಳಿ ಇಟ್ಟರೆ ಕಪ್ಪೆ ಹೊರಬಂತು, ಆಡಿದ ಮಾತಿಗೆ ತಪ್ಪದೆ ಜಕಣಾಚಾರಿ ತನ್ನ ಬಲಗೈ ಕತ್ತರಿಸಿಕೊಂಡ. ಆಮೇಲೆ ಆ ಹುಡುಗ ತನ್ನ ಮಗನೇ ಎಂದು ತಿಳಿಯಿತು. ಮುಂದೆ ತುಮಕೂರಿನ ಬಳಿ ಚೆನ್ನಕೇಶವನ ಗುಡಿ ಕಟ್ಟಿದಾಗ ಅವನಿಗೆ ಕೈ ಮರಳಿ ಬಂತು, ಊರಿಗೆ ಕೈದಾಳ ಎಂದು ಹೆಸರಾಯಿತು ಎನ್ನುತ್ತಾರೆ. ಚರಿತ್ರೆಯ ಕಣ್ಣಿಗೆ ಇದು ಕತೆ. ಆದರೆ ಕತೆ ಕಟ್ಟಿದ ಜನಕ್ಕೆ ಒಂದು ವಿಷಯ ಖಚಿತವಾಗಿ ಗೊತ್ತಿತ್ತು: ಶಿಲ್ಪಿಗೆ ಕೊಡಬಹುದಾದ ದೊಡ್ಡ ವರ ಅವನ ಕೈಯೇ. ನುಗ್ಗೇಹಳ್ಳಿಯ ಗೋಡೆಯಲ್ಲಿ ಬೈಚೋಜನ, ಮಲ್ಲಿತಮ್ಮನ ಕೈಗಳು ಏಳುನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ತಮ್ಮ ಹೆಸರಿಗಾಗಿ ಕಾದಿವೆ. ಅವನ್ನು ಮರಳಿಸಲು ಪವಾಡ ಬೇಕಾಗಿಲ್ಲ. ವಿಗ್ರಹಕ್ಕೆ ಕೈಮುಗಿದವರು ತಲೆ ಬಗ್ಗಿಸಿದಾಗ ಪೀಠದ ಮೇಲಿನ ಅಕ್ಷರವನ್ನೂ ಒಮ್ಮೆ ಓದಿದರೆ ಸಾಕು.